ಡಿಸ್ಕ್ ಕಾಣಿಸುತ್ತಿಲ್ಲ ಎಂದರೆ ಹೋಯಿತು ಎಂದಲ್ಲ

ಕತೆ, ಕವನ, ಹರಟೆಗಳ ನಡುವೆ ಕಂಪ್ಯೂಟರ್ ರಿಪೇರಿಯ ಲೇಖನಕ್ಕೆ ಏನು ಕೆಲಸ ಎಂದು ನೀವು ಕೇಳುವುದು ಸಹಜ. ಆದರೆ ಒಂದು ಮಾತು ನೋಡಿ. ನಾವು ಬರೆಯುವ ಕತೆ, ಕವನ, ಹರಟೆಗಳು ಈಗ ಮೊದಲು ಹೋಗಿ ಕೂರುವುದು ಯಾರದಾದರೂ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ. ನಮ್ಮ ಬಳಗದ ಹಳೆಯ ಸಂಚಿಕೆಗಳ ಬೆರಳಚ್ಚು ಪ್ರತಿಗಳು ಇರುವುದೂ ಅಲ್ಲೇ. ಅಪ್ಪನ ಹೋಟೆಲಿನ ಲೆಕ್ಕ, ಅಕ್ಕನ ಮದುವೆಯ ಫೋಟೋ, ತಮ್ಮನ ಅಂಕಪಟ್ಟಿ, ಊರಿನ ಜಾಗದ ಕಾಗದಗಳ ನಕಲು, ಎಲ್ಲ ಅದರೊಳಗೇ. ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ಶುರು ಮಾಡಿದಾಗ ಆ ಡಿಸ್ಕೇ ಕಾಣಿಸದಿದ್ದರೆ?

"ಹೋಯ್ತು" ಅಂದುಬಿಡುತ್ತೇವೆ. ಈ ಮಾತನ್ನು ನಾವು ಬಹಳ ಬೇಗ ಹೇಳುತ್ತೇವೆ ಎಂಬುದೇ ನಾನು ಇಲ್ಲಿ ಹೇಳಬೇಕೆಂದಿರುವುದು. ಡಿಸ್ಕ್ ಕಾಣಿಸದಿರುವುದು ಬೇರೆ, ಡಿಸ್ಕ್ ಕೆಟ್ಟಿರುವುದು ಬೇರೆ, ಅದರೊಳಗಿನ ಬರಹ ಅಳಿದಿರುವುದು ಮತ್ತೂ ಬೇರೆ. ಎಷ್ಟೋ ಮನೆಗಳಲ್ಲಿ ಮೊದಲನೆಯದಷ್ಟೇ ಆಗಿರುತ್ತದೆ. ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿ ಮೂರನೆಯದನ್ನು ನಾವೇ ಮಾಡಿಕೊಳ್ಳುತ್ತೇವೆ.

ನಾನು ಎಂಜಿನಿಯರ್ ಅಲ್ಲ, ಬಿ.ಕಾಂ. ಓದುತ್ತಿರುವವ. ಶಾಲೆ ಮುಗಿಸಿದ್ದು ಕನ್ನಡ ಮಾಧ್ಯಮದಲ್ಲಿ. ಪರದೆಯ ಮೇಲೆ ಇಂಗ್ಲಿಷಿನ ಎಚ್ಚರಿಕೆಯೊಂದು ಧುತ್ತೆಂದು ಬಂದು ನಿಂತರೆ ನಮ್ಮಂಥವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ನನಗೆ ಗೊತ್ತುಂಟು. ಚಾಳಿನಲ್ಲಿ, ಕಾಲೇಜಿನಲ್ಲಿ ನಾಲ್ಕಾರು ಮಂದಿಯ ಕಂಪ್ಯೂಟರ್ ಬಿಚ್ಚಿ ನೋಡಿ ಕಲಿತದ್ದನ್ನು ಕನ್ನಡದಲ್ಲೇ ಹೇಳಿದರೆ ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು.

ಒಳಗೆ ಏನಿದೆ?

ಹಾರ್ಡ್ ಡಿಸ್ಕ್ ಎಂದರೆ ಕಾಂತದ ಲೇಪ ಹಚ್ಚಿದ ತಟ್ಟೆಗಳು. ಐ.ಬಿ.ಎಂ. ಕಂಪನಿ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಕಪಾಟಿನಷ್ಟು ದೊಡ್ಡದಾದ ಆ ಯಂತ್ರ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು. 1980ರಲ್ಲಿ ಸೀಗೇಟ್ ಕಂಪನಿ ಐದೂಕಾಲು ಅಂಗುಲದ ಡಿಸ್ಕ್ ತಂದಾಗ ಅದೂ 5 ಮೆಗಾಬೈಟಿನದೇ. ಈಗ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಕ್ಕೆ ಅಷ್ಟು ಜಾಗ ಬೇಕು.

ಮನೆಯ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತದೆ. ಓದುವ ತಲೆ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಆ ಸಂದಿನಲ್ಲಿ ಒಂದು ಧೂಳಿನ ಕಣಕ್ಕೂ ಜಾಗವಿಲ್ಲ. ಆದ್ದರಿಂದ ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚುವ ಮಾತೇ ಬೇಡ. ಹೊಸ ಕಂಪ್ಯೂಟರುಗಳಲ್ಲಿ ಬರುವ ಎಸ್.ಎಸ್.ಡಿ.ಯಲ್ಲಿ ತಿರುಗುವ ತಟ್ಟೆ ಇಲ್ಲ, ಎಲ್ಲ ಚಿಪ್ಪುಗಳೇ. ಅದು ಸದ್ದು ಮಾಡದೆ ಕೆಲಸ ಮಾಡುತ್ತದೆ. ಕೆಡುವಾಗಲೂ ಹಲವು ಸಲ ಸದ್ದಿಲ್ಲದೆ ಕೆಡುತ್ತದೆ.

ನಾಲ್ಕು ಬಾಗಿಲು

ತಾಳೆಪಟ್ಟಿಯ ಎರಡು ಕಡೆಯ ಮೊತ್ತ ಸರಿಹೋಗದಿದ್ದರೆ ನಾವು ಖಾತೆ ಪುಸ್ತಕವನ್ನು ಹರಿದು ಹಾಕುವುದಿಲ್ಲ. ತಪ್ಪು ಕೂಡಿಸುವುದರಲ್ಲೋ, ನಕಲು ಮಾಡುವುದರಲ್ಲೋ, ಮೂಲ ರಶೀದಿಯಲ್ಲೋ ಎಂದು ಒಂದೊಂದೇ ಹಂತ ಹಿಂದಕ್ಕೆ ಹೋಗಿ ನೋಡುತ್ತೇವೆ. ಡಿಸ್ಕಿನ ವಿಷಯವೂ ಹಾಗೆಯೇ. ಅದು ನಮ್ಮ ಪರದೆಯ ತನಕ ಬರಲು ನಾಲ್ಕು ಬಾಗಿಲು ದಾಟಬೇಕು: ಒಂದು ಕರೆಂಟು, ಎರಡು ವೈರು, ಮೂರು ಮದರ್‌ಬೋರ್ಡಿನ ಬಯಾಸ್, ನಾಲ್ಕು ವಿಂಡೋಸ್. ಯಾವ ಬಾಗಿಲಲ್ಲಿ ಅದು ನಿಂತುಬಿಟ್ಟಿದೆ ಎಂದು ಗೊತ್ತಾಗುವ ತನಕ ಏನನ್ನೂ ಸರಿಮಾಡಲು ಹೋಗಬಾರದು.

ಇದಕ್ಕೂ ಮೊದಲು ಮೂರು ಬೇಡಗಳು. ಪರದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ. ಒಳಗೆ ಬರಹವಿರುವ ಹಳೆಯ ಡಿಸ್ಕನ್ನು ಇನಿಷಿಯಲೈಜ್ ಮಾಡಲೇ ಎಂದು ಕೇಳಿದರೂ ಬೇಡವೇ. ಡಿಸ್ಕ್ ಟಕ್ ಟಕ್ ಎಂದು ಬಡಿಯುತ್ತಿದ್ದರೆ ಅದನ್ನು ಮತ್ತೆ ಮತ್ತೆ ಶುರು ಮಾಡುವುದು ಬೇಡ. ಈ ಮೂರನ್ನು ಪಾಲಿಸಿದರೆ ಅರ್ಧ ಗೆದ್ದಂತೆ.

ಮೊದಲನೆಯ ಬಾಗಿಲು: ಕರೆಂಟು

ಕಂಪ್ಯೂಟರ್ ಶುರು ಮಾಡಿ ಕಿವಿಗೊಡಿ. ತಿರುಗುವ ಡಿಸ್ಕ್ ಆದರೆ ಸಣ್ಣಗೆ ಗುಂಯ್ ಎನ್ನಬೇಕು. ಹೊರಮೈಯನ್ನು ಮೆಲ್ಲನೆ ಮುಟ್ಟಿದರೆ ನಡುಕ ತಿಳಿಯಬೇಕು. ಏನೂ ಇಲ್ಲವೆಂದರೆ ಕರೆಂಟು ಹೋಗುತ್ತಿಲ್ಲ, ಇಲ್ಲವೇ ಡಿಸ್ಕಿನ ಅಡಿಯ ಹಸಿರು ಬೋರ್ಡು ಸುಟ್ಟಿದೆ. ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಒಮ್ಮೆ ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಆಮೇಲೆ ಕೈಹಾಕಿ. ಡಿಸ್ಕಿಗೆ ಹೋಗುವ ಅಗಲದ ವೈರು, 15 ಸಂಪರ್ಕಗಳದ್ದು, ಕರೆಂಟಿನದು. ಅದನ್ನು ಕಿತ್ತು ಮತ್ತೆ ಚುಚ್ಚಿ. ಅದೇ ವಿದ್ಯುತ್ ಪೆಟ್ಟಿಗೆಯಿಂದ ಬರುವ ಇನ್ನೊಂದು ಅಂಥದೇ ವೈರಿದ್ದರೆ ಅದನ್ನು ಹಾಕಿ ನೋಡಿ.

ಇಲ್ಲೊಂದು ಎಚ್ಚರಿಕೆ ಉಂಟು. ಕೆಲವು ವಿದ್ಯುತ್ ಪೆಟ್ಟಿಗೆಗಳಲ್ಲಿ ವೈರಿನ ಎರಡೂ ತುದಿ ಕಿತ್ತು ಹಾಕಬಹುದು. ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದರ ವೈರು ಸಲೀಸಾಗಿ ಕೂತರೂ ಒಳಗಿನ ಜೋಡಣೆ ಒಂದೇ ಇರಬೇಕೆಂದಿಲ್ಲ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡಿಸ್ಕ್ ಆ ಕ್ಷಣವೇ ಸುಡುತ್ತದೆ. ಗೆಳೆಯನ ಮನೆಯಿಂದ ವೈರು ಎರವಲು ತರುವವರು ಇದನ್ನು ನೆನಪಿಡಿ.

ಹೊರಗಿನಿಂದ ಜೋಡಿಸುವ ಸಣ್ಣ ಯು.ಎಸ್.ಬಿ. ಡಿಸ್ಕ್ ಆದರೆ ತೊಂದರೆ ಇನ್ನೂ ಸರಳವಿರಬಹುದು. ಹಳೆಯ ಯು.ಎಸ್.ಬಿ. 2 ಕಿಂಡಿ ಕೊಡಬೇಕಾದ್ದು 500 ಮಿಲಿ ಆಂಪಿಯರ್, ಯು.ಎಸ್.ಬಿ. 3 ಆದರೆ 900. ತಟ್ಟೆ ತಿರುಗಲು ಶುರುವಾಗುವಾಗಲೇ ಹೆಚ್ಚು ಬೇಕು. ಕರೆಂಟು ಸಾಲದಾದಾಗ ದೀಪ ಉರಿಯುತ್ತದೆ, ಡಿಸ್ಕ್ ಮಾತ್ರ ಏಳುವುದಿಲ್ಲ. ಪೆಟ್ಟಿಗೆಯ ಮುಂಭಾಗದ ಕಿಂಡಿ ಬಿಟ್ಟು ಹಿಂಭಾಗದ ಕಿಂಡಿಗೆ ನೇರವಾಗಿ ಹಾಕಿ. ನಡುವೆ ಹಬ್ ಇದ್ದರೆ ತೆಗೆಯಿರಿ. ಇನ್ನೊಂದು ಗಿಡ್ಡ ವೈರಿನಿಂದ ನೋಡಿ.

ಎರಡನೆಯ ಬಾಗಿಲು: ವೈರು

ಕಡಿಮೆ ಅಗಲದ ವೈರು, 7 ಸಂಪರ್ಕಗಳದ್ದು, ಮಾಹಿತಿಯದು. ಸಾಟಾ ಎಂದು ಕರೆಯುವ ಈ ಪದ್ಧತಿ 2003ರಲ್ಲಿ ಬಂತು. ಈ ವೈರು ಒಂದು ಮೀಟರಿಗಿಂತ ಉದ್ದ ಇರಬಾರದು. ಅದಕ್ಕೂ ಹಿಂದಿನ ಕಂಪ್ಯೂಟರುಗಳಲ್ಲಿ 40 ಮುಳ್ಳಿನ ಅಗಲ ಪಟ್ಟಿ ಇರುತ್ತಿತ್ತು. ಒಂದೇ ಪಟ್ಟಿಗೆ ಎರಡು ಡಿಸ್ಕ್ ಹಾಕಿದರೆ ಯಾರು ಒಡೆಯ, ಯಾರು ಆಳು ಎಂದು ಜಂಪರ್ ಎಂಬ ಸಣ್ಣ ಬಿಲ್ಲೆಯಿಂದ ಹೇಳಬೇಕಿತ್ತು. ಇಬ್ಬರೂ ಒಡೆಯರಾದರೆ ಜಗಳವಾಗಿ ಒಬ್ಬರಾದರೂ ಕಾಣಿಸುತ್ತಿರಲಿಲ್ಲ. ಸಾಟಾದಲ್ಲಿ ಆ ಜಗಳ ಇಲ್ಲ. ಆದರೆ ಈ ವೈರು ಬಹಳ ಹಗುರ. ತೀರ ಮಡಚಿದರೆ, ಸ್ವಲ್ಪ ಎಳೆದರೆ ಸಡಿಲಾಗುತ್ತದೆ.

ಡಿಸ್ಕ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತಿದ್ದರೆ ಮೊದಲ ಸಂಶಯ ವೈರಿನ ಮೇಲೆಯೇ ಇರಬೇಕು. ನಮ್ಮ ಚಾಳಿನ ಮೇಲಿನ ಮಾಳಿಗೆಯ ಮಾಮನ ಮನೆಯಲ್ಲಿ ಕಳೆದ ಮಳೆಗಾಲ ಹೀಗೇ ಆಯಿತು. ಅವರದು ಹಳೆಯ ಕಂಪ್ಯೂಟರ್. ಸಿ ಡ್ರೈವ್ ಒಂದು ಸಣ್ಣ ಎಸ್.ಎಸ್.ಡಿ., ಡಿ ಡ್ರೈವ್ ಒಂದು ಟೆರಾಬೈಟಿನ ತಿರುಗುವ ಡಿಸ್ಕ್. ಡಿ ಡ್ರೈವಿನಲ್ಲಿ ಅವರ ಅಮ್ಮ ಹಾಡಿದ ಪಾಡ್ದನಗಳಿದ್ದವು. ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುತ್ತಿದ್ದ ಅವುಗಳನ್ನು ಮಾಮ ಒಂದು ರಜೆಯಲ್ಲಿ ಊರಿಗೆ ಹೋದಾಗ ಟೇಪ್ ಮಾಡಿಕೊಂಡು, ಆಮೇಲೆ ಕಂಪ್ಯೂಟರಿಗೆ ಹಾಕಿಸಿದ್ದರು. ಅಜ್ಜಿ ಈಗಿಲ್ಲ. ಆ ಟೇಪಿಗೂ ಬೂಷ್ಟು ಹಿಡಿದು ಹೋಗಿತ್ತು.

ಡಿಸ್ಕ್ ಸತ್ತಿದೆ, ಹೊಸದು ಹಾಕಿ ಕೊಡುತ್ತೇನೆ, ಹಳೆಯದನ್ನು ಫಾರ್ಮ್ಯಾಟ್ ಮಾಡಿ ನೋಡಬಹುದು ಎಂದು ರಿಪೇರಿಯವನೊಬ್ಬ ಹೇಳಿಹೋಗಿದ್ದ. "ಅದು ಹೋಯ್ತಂತೆ ಮಾರಾಯ, ಎಂತ ಮಾಡುವುದು" ಎಂದರು ಮಾಮ. "ಪೂರ್ತಿ ಹೋಯ್ತಾ, ಅಥವಾ ಕೆಲವು ಸಲ ಕಾಣಿಸ್ತದಾ ಮಾಮ?" ಎಂದು ಕೇಳಿದೆ. "ಮೊನ್ನೆ ಸಂಜೆ ಹತ್ತು ನಿಮಿಷ ಬಂದಿತ್ತು" ಎಂದರು.

ಆ ಹತ್ತು ನಿಮಿಷವೇ ಸುಳಿವು. ಪಕ್ಕದ ತಗಡು ಬಿಚ್ಚಿ ನೋಡಿದರೆ ಮಾಹಿತಿಯ ವೈರು ಡಿಸ್ಕಿನ ಹಿಂದೆ ಮುರಿದಂತೆ ಬಾಗಿತ್ತು. ಹೊಸ ವೈರಿಗೆ ಲ್ಯಾಮಿಂಗ್ಟನ್ ರಸ್ತೆಯ ತನಕ ಹೋಗುವ ಅಗತ್ಯವೂ ಬೀಳಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಯಾರೂ ಉಪಯೋಗಿಸದ ಡಿ.ವಿ.ಡಿ. ಡ್ರೈವ್ ಇತ್ತು, ಅದಕ್ಕೂ ಇದೇ ಜಾತಿಯ ವೈರು. ಅದನ್ನು ತೆಗೆದು ಡಿಸ್ಕಿಗೆ ಹಾಕಿದೆ. ಡಿ ಡ್ರೈವ್ ಬಂತು. ಮಾಮ ಮೊದಲು ಮಾಡಿದ್ದು ಒಂದು ಪಾಡ್ದನ ಹಚ್ಚಿ ಕೇಳಿದ್ದು. ನಾನು ಮೊದಲು ಮಾಡಿಸಿದ್ದು ಆ ಎಲ್ಲ ಹಾಡುಗಳನ್ನು ಪೆನ್ ಡ್ರೈವಿಗೆ ಇಳಿಸಿದ್ದು.

ಇದು ವೈರಿನದೇ ತಪ್ಪು ಎಂದು ಖಚಿತ ಮಾಡಿಕೊಳ್ಳಲು ಒಂದು ದಾರಿ ಉಂಟು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ತಿರುಗುವ ಡಿಸ್ಕಿನ ಪಟ್ಟಿಯಲ್ಲಿ ಸಿ 7 ಎಂಬ ಸಾಲು ವೈರಿನಲ್ಲಿ ಕೆಟ್ಟ ಮಾಹಿತಿಯ ಎಣಿಕೆ. ಅದು ಏರಿದ್ದು, 05 ಮತ್ತು ಸಿ 5 ಎಂಬ ಸಾಲುಗಳು ಸೊನ್ನೆಯಲ್ಲೇ ಇದ್ದರೆ ತಟ್ಟೆ ಚೆನ್ನಾಗಿದೆ, ವೈರೋ ಜೋಡಣೆಯೋ ಕೆಟ್ಟಿದೆ ಎಂದು ತಿಳಿಯಬಹುದು. ಮಾಮನ ಡಿಸ್ಕಿನಲ್ಲಿ ಹಾಗೆಯೇ ಇತ್ತು. ವೈರು ಬದಲಿಸಿದ ಮೇಲೂ ಹಳೆಯ ಎಣಿಕೆ ಇಳಿಯುವುದಿಲ್ಲ. ಮುಂದೆ ಏರದಿದ್ದರೆ ಸಾಕು. 05, ಸಿ 5 ಸಾಲುಗಳು ಏರುತ್ತಿದ್ದರೆ ಮಾತ್ರ ತಟ್ಟೆಯೇ ಸವೆಯುತ್ತಿದೆ. ಅಂದೇ ನಕಲು ಮಾಡಿ.

ಮೂರನೆಯ ಬಾಗಿಲು: ಬಯಾಸ್

ಕಂಪ್ಯೂಟರ್ ಶುರುವಾದ ಕೂಡಲೇ ಡಿಲೀಟ್ ಅಥವಾ ಎಫ್ 2 ಕೀಲಿಯನ್ನು, ಕೆಲವು ಕಂಪನಿಗಳದರಲ್ಲಿ ಎಫ್ 10 ಅನ್ನು, ಒತ್ತುತ್ತಿದ್ದರೆ ವಿಂಡೋಸಿಗೂ ಮೊದಲಿನ ಒಂದು ಪರದೆ ಬರುತ್ತದೆ. ಇದೇ ಬಯಾಸ್, ಹೊಸದರಲ್ಲಿ ಯು.ಇ.ಎಫ್.ಐ. ಎನ್ನುತ್ತಾರೆ. ಇಲ್ಲಿ ಡಿಸ್ಕಿನ ಹೆಸರು ಕಂಡರೆ ಕರೆಂಟು, ವೈರು ಎರಡೂ ಬಹುಮಟ್ಟಿಗೆ ಸರಿ. ನೇರವಾಗಿ ನಾಲ್ಕನೆಯ ಬಾಗಿಲಿಗೆ ಹೋಗಿ. ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಉಪಯೋಗದ ಪ್ರಶ್ನೆ ಇಲ್ಲ. ರಿಪೇರಿಯವರ ಹತ್ತಿರ ಹೋದರೂ "ಬಯಾಸಿನಲ್ಲಿ ಕಾಣಿಸ್ತದಾ?" ಎಂದು ಮೊದಲು ಕೇಳಿ.

ಇಲ್ಲಿ ಕಾಣಿಸದಿದ್ದರೆ ನೋಡಬೇಕಾದ್ದು ಹೀಗೆ. ಸಾಟಾ ಕಿಂಡಿಗಳಲ್ಲಿ ಯಾವುದಾದರೂ ಡಿಸೇಬಲ್ ಆಗಿದೆಯೇ? ಬೋರ್ಡಿಗೆ ನೇರ ಚುಚ್ಚುವ ಎಂ 2 ಜಾತಿಯ ಎಸ್.ಎಸ್.ಡಿ.ಯನ್ನು ಹೊಸದಾಗಿ ಹಾಕಿದ್ದೀರಾ? ಕೆಲವು ಬೋರ್ಡುಗಳಲ್ಲಿ ಅದನ್ನು ಹಾಕಿದೊಡನೆ ಒಂದೆರಡು ಸಾಟಾ ಕಿಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗ ಹಳೆಯ ಡಿಸ್ಕನ್ನು ಬೇರೆ ಕಿಂಡಿಗೆ ಹಾಕಿದರೆ ಆಯಿತು. ಆ ಎಂ 2 ಕಿಂಡಿಯಲ್ಲೂ ಎರಡು ಜಾತಿಯುಂಟು: ಸಾಟಾ ಮತ್ತು ಎನ್.ವಿ.ಎಂ.ಇ. ಕೆಲವು ಕಿಂಡಿ ಒಂದನ್ನಷ್ಟೇ ಒಪ್ಪುತ್ತದೆ. ಇನ್ನೊಂದನ್ನು ಚುಚ್ಚಿದರೆ ಕೂರುತ್ತದೆ, ಕಾಣಿಸುವುದಿಲ್ಲ. ಕೊಳ್ಳುವ ಮೊದಲು ಬೋರ್ಡಿನ ಪುಸ್ತಿಕೆ ನೋಡಿ.

ಗಡಿಯಾರ ಹಿಂದಕ್ಕೆ ಹೋಗಿ ಯಾವುದೋ ಹಳೆಯ ತಾರೀಖು ತೋರಿಸುತ್ತಿದೆಯೇ? ಬೋರ್ಡಿನ ಮೇಲಿನ ಬಿಲ್ಲೆ ಸೆಲ್ಲು, 3 ವೋಲ್ಟಿನ ಸಿ.ಆರ್. 2032, ಮುಗಿದಿದೆ. ಹಳೆಯ ಬೋರ್ಡುಗಳಲ್ಲಿ ಸೆಲ್ಲು ಸತ್ತು ಕರೆಂಟೂ ಹೋದರೆ ಬಯಾಸ್ ತನ್ನ ಏರ್ಪಾಡುಗಳನ್ನೆಲ್ಲ ಮರೆಯುತ್ತದೆ. ಯಾವ ಡಿಸ್ಕಿನಿಂದ ಶುರುವಾಗಬೇಕೆಂಬುದನ್ನೂ. ಗಡಿಯಾರದ ಅಂಗಡಿಯಲ್ಲೂ ಸಿಗುವ ಈ ಸೆಲ್ಲಿನಿಂದ ವಾಸಿಯಾಗುವ ಕಾಯಿಲೆಗೆ ಡಿಸ್ಕನ್ನೇ ಬದಲಿಸಬಾರದಲ್ಲ?

ಬಯಾಸಿನಲ್ಲಿ ಏನನ್ನಾದರೂ ಬದಲಿಸುವ ಮೊದಲು ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆಯಿರಿ. ಎ.ಎಚ್.ಸಿ.ಐ., ರೇಡ್ ಎಂಬ ಆಯ್ಕೆಯನ್ನು ಸುಮ್ಮನೆ ಬದಲಿಸಿದರೆ ಸರಿಯಿದ್ದ ವಿಂಡೋಸೂ ಏಳದಿರಬಹುದು. ಬಿಟ್‌ಲಾಕರ್ ಬೀಗ ಹಾಕಿರುವ ಲ್ಯಾಪ್‌ಟಾಪ್ ಆದರೆ 48 ಅಂಕಿಗಳ ಕೀಲಿ ಕೇಳೀತು. ಅದು ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ನಾಲ್ಕನೆಯ ಬಾಗಿಲು: ವಿಂಡೋಸ್

ಬಯಾಸಿನಲ್ಲಿ ಕಂಡ ಡಿಸ್ಕ್ ವಿಂಡೋಸಿನಲ್ಲಿ ಕಾಣದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇಲ್ಲಿ ಡಿಸ್ಕಿನ ಪಕ್ಕ ಬರೆದಿರುವ ಒಂದೊಂದು ಮಾತಿಗೂ ಅರ್ಥ ಬೇರೆ.

ಡಿಸ್ಕ್ ಸರಿಯಾಗಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಮನೆಗೆ ನಂಬರು ಹಾಕಿಲ್ಲ, ಅಷ್ಟೇ. ಬಲಗುಂಡಿ ಒತ್ತಿ ಡ್ರೈವ್ ಲೆಟರ್ ಕೊಡಿ. ಆಫ್‌ಲೈನ್ ಎಂದಿದ್ದರೆ ಅದೇ ರೀತಿ ಆನ್‌ಲೈನ್ ಮಾಡಿ. ಈ ಎರಡರಲ್ಲಿ ಅಪಾಯವಿಲ್ಲ.

ನಾಟ್ ಇನಿಷಿಯಲೈಜ್ಡ್ ಎಂದರೆ ಡಿಸ್ಕಿನ ಮೊದಲ ಪುಟದ ವಿಷಯಸೂಚಿ ವಿಂಡೋಸಿಗೆ ಓದಲು ಸಿಗುತ್ತಿಲ್ಲ. ಅಂಗಡಿಯಿಂದ ತಂದ ಹೊಸ ಡಿಸ್ಕ್ ಆದರೆ ಇದು ಸಹಜ. ಇನಿಷಿಯಲೈಜ್ ಮಾಡಿ, ಜಿ.ಪಿ.ಟಿ. ಆರಿಸಿ. ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿ 2 ಟೆರಾಬೈಟಿನಿಂದಾಚೆಯ ಜಾಗ ಸಿಗುವುದಿಲ್ಲ. ಆದರೆ ಬರಹವಿರುವ ಹಳೆಯ ಡಿಸ್ಕಿಗೆ ಈ ಮಾತು ಬಂದರೆ ಕೈಕಟ್ಟಿ ಕೂರಿ. ಅನ್‌ಅಲೊಕೇಟೆಡ್ ಎಂದು ಬಂದರೂ ಹಾಗೆಯೇ: ವಿಷಯಸೂಚಿ ಹರಿದಿರಬಹುದು, ಪುಸ್ತಕದ ಪುಟಗಳು ಹಾಗೇ ಇರಬಹುದು. ರಾ ಎಂದು ಬಂದರೆ ಪುಟಗಳ ಕ್ರಮ ವಿಂಡೋಸಿಗೆ ಅರ್ಥವಾಗುತ್ತಿಲ್ಲ. ಲಿನಕ್ಸಿನಲ್ಲಿ ಬಳಸಿದ ಡಿಸ್ಕಿಗೂ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುವುದುಂಟು. ತನಗೆ ಓದಲು ಬಾರದ ಲಿಪಿಯ ಪುಸ್ತಕವನ್ನೆಲ್ಲ ಖಾಲಿ ಪುಸ್ತಕ ಎಂದುಕೊಳ್ಳುವ ಸ್ವಭಾವ ಅದರದು. ಮುಂಬಯಿಯಲ್ಲಿ ಕನ್ನಡ ಪುಸ್ತಕ ಹಿಡಿದು ರೈಲಿನಲ್ಲಿ ಕೂರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ಪೆನ್ ಡ್ರೈವಿನಿಂದ ಲಿನಕ್ಸ್ ಶುರು ಮಾಡಿ ನೋಡುವುದು ಒಳ್ಳೆಯದು; ವಿಂಡೋಸ್ ಓದದ್ದನ್ನು ಅದು ಎಷ್ಟೋ ಸಲ ಓದುತ್ತದೆ. ಚೆಕ್ ಡಿಸ್ಕ್ ಎಂಬ ವಿಂಡೋಸಿನ ರಿಪೇರಿಯನ್ನು ಸವೆಯುತ್ತಿರುವ ಡಿಸ್ಕಿನ ಮೇಲೆ ನಡೆಸಬೇಡಿ. ಅದು ಡಿಸ್ಕಿನ ಮೇಲೆಯೇ ಬರೆಯುತ್ತದೆ. ಮೊದಲು ಅಷ್ಟೇ ಅಥವಾ ಹೆಚ್ಚು ಜಾಗದ ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ತೆಗೆದು, ಪ್ರಯೋಗವನ್ನೆಲ್ಲ ಆ ನಕಲಿನ ಮೇಲೆ ಮಾಡಬೇಕು. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದಕ್ಕೆಂದೇ ಇದೆ: ಓದಲು ಸಿಗುವ ಭಾಗವನ್ನು ಮೊದಲು ಬಾಚಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಮರಳಿ ಬರುತ್ತದೆ.

ನಿಜವಾಗಿ ಕೆಟ್ಟಾಗ

ಎಲ್ಲ ಕತೆಯೂ ಮಾಮನ ಕತೆಯಂತೆ ಮುಗಿಯುವುದಿಲ್ಲ. ನನ್ನ ತರಗತಿಯ ಗೆಳತಿಯೊಬ್ಬಳ ಹೊರಗಿನ ಡಿಸ್ಕ್ ಓಡುತ್ತಿರುವಾಗಲೇ ಮೇಜಿನಿಂದ ಬಿತ್ತು. ಮತ್ತೆ ಹಾಕಿದರೆ ಟಕ್, ಟಕ್ ಎಂಬ ಸದ್ದು. ಓದುವ ತಲೆ ತನ್ನ ಜಾಗ ಹುಡುಕಿ ಸಿಗದೆ ಹಿಂದಿರುಗುವ ಸದ್ದು ಅದು. ಹಾಗೆ ಓಡಿಸಿದಷ್ಟೂ ತಟ್ಟೆಯ ಲೇಪ ಕೆರೆದುಹೋಗಬಹುದು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗ್ತದೆ ಎಂದು ಒಬ್ಬರು, ಇನ್ನೊಂದು ಡಿಸ್ಕಿನ ಹಸಿರು ಬೋರ್ಡು ಹಾಕಿ ಎಂದು ಇನ್ನೊಬ್ಬರು ಸಲಹೆ ಕೊಟ್ಟರು. ಫ್ರಿಜ್ಜಿನಿಂದ ತೆಗೆದ ಡಿಸ್ಕಿನ ಮೇಲೆ ನಮ್ಮ ಮುಂಬಯಿಯ ಗಾಳಿಯಲ್ಲಿ ನೀರು ಕೂರುತ್ತದೆ. ಈಗಿನ ಬೋರ್ಡುಗಳಲ್ಲಿ ಆಯಾ ಡಿಸ್ಕಿಗಷ್ಟೇ ಹೊಂದುವ ಅಳತೆಗಳನ್ನು ಬರೆದಿರುವುದರಿಂದ ಬರೀ ಅದಲುಬದಲಿನಿಂದ ಕೆಲಸ ಆಗುವುದಿಲ್ಲ. ಅವಳು ಎರಡನ್ನೂ ಮಾಡಲಿಲ್ಲ.

ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಓದಿಕೊಡುವ ಪ್ರಯೋಗಶಾಲೆಗಳಿವೆ. ಅಲ್ಲಿ ಹೇಳಿದ ಮೊತ್ತ ಅವರ ಮನೆಯ ತಿಂಗಳ ಬಾಡಿಗೆಗಿಂತ ಹೆಚ್ಚು. ಅದರಲ್ಲಿರುವುದು ಅವಳ ತಂದೆ ತೀರಿಕೊಳ್ಳುವ ಹಿಂದಿನ ಎರಡು ವರ್ಷಗಳ ಫೋಟೋಗಳು. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾಳೆ. ಕೆಲಸ ಸಿಕ್ಕಿದ ಮೇಲೆ ಕೊಡ್ತೇನೆ ಎನ್ನುತ್ತಾಳೆ. ಕರೆಂಟು ಕೊಡದೆ ಇಟ್ಟಿರುವುದರಿಂದಲೇ ಆ ಆಸೆಗೆ ಇನ್ನೂ ಆಧಾರ ಉಂಟು.

ಬೆಲೆ ಯಾವುದರದು?

ನಮ್ಮ ಲೆಕ್ಕಶಾಸ್ತ್ರದಲ್ಲಿ ಯಂತ್ರದ ಬೆಲೆಯನ್ನು ವರ್ಷ ವರ್ಷ ಸವಕಳಿ ಕಳೆದು ಇಳಿಸುತ್ತೇವೆ. ಡಿಸ್ಕಿನ ಬೆಲೆಯೂ ಹಾಗೆ ಇಳಿಯುತ್ತದೆ. ಒಳಗಿರುವುದರ ಬೆಲೆ ಮಾತ್ರ ವರ್ಷ ವರ್ಷ ಏರುತ್ತದೆ. ಅದನ್ನು ಬರೆಯಲು ಯಾವ ಖಾತೆಯೂ ಇಲ್ಲ. ಸರಕಾರಕ್ಕೆ ಇದರ ಅರಿವುಂಟು. ಜಿ.ಎಸ್.ಟಿ. ಕಾಯಿದೆಯಂತೆ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಬೇಕು. ವಿದ್ಯುನ್ಮಾನ ಲೆಕ್ಕಪತ್ರಗಳ ನಕಲನ್ನು ಕಂಪನಿಗಳು ದಿನದಿನವೂ ತೆಗೆದಿಡಬೇಕೆಂದು 2022ರಲ್ಲಿ ನಿಯಮವಾಯಿತು. ಅಜ್ಜಿಯ ಹಾಡಿಗೆ, ಅಪ್ಪನ ಫೋಟೋಕ್ಕೆ ಅಂಥ ಕಾಯಿದೆ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ನಕಲು ಎಂದರೆ ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ ಅಲ್ಲ. ಅದೇ ಖೋಲಿಯ ಇನ್ನೊಂದು ಡಿಸ್ಕಿನಲ್ಲಿ ಮಾತ್ರವೂ ಸಾಲದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಾಳಿಗೆಯ ಎಷ್ಟು ಮನೆಗಳಲ್ಲಿ ಕಪಾಟಿನ ಕಾಗದಪತ್ರ ಮುಳುಗಿತು ಎಂದು ಹಿರಿಯರನ್ನು ಕೇಳಿ ನೋಡಿ. ಒಂದು ನಕಲು ಬೇರೆ ಮನೆಯಲ್ಲೋ, ಊರಿನಲ್ಲೋ, ಇಂಟರ್ನೆಟ್ಟಿನ ಕ್ಲೌಡಿನಲ್ಲೋ ಇರಬೇಕು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಿಸಿದ ಕಡತಗಳಿದ್ದರೆ ಆ ಫಾಂಟುಗಳನ್ನೂ ಜೊತೆಗಿಡಿ. ಇಲ್ಲವಾದರೆ ಕಡತ ಉಳಿದರೂ ಪರದೆಯ ಮೇಲೆ ಬರುವುದು ಅರ್ಥವಿಲ್ಲದ ಗೀಟುಗಳು.

ನಮ್ಮ ಬಳಗದ ಹಳೆಯ ಸಂಚಿಕೆಗಳೆಲ್ಲ ಈಗ ಕಾರ್ಯದರ್ಶಿಯವರ ಮನೆಯ ಒಂದೇ ಡಿಸ್ಕಿನಲ್ಲಿವೆ. ಅದು ಇವತ್ತು ಚೆನ್ನಾಗಿಯೇ ಓಡುತ್ತಿದೆ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಒಂದೊಂದು ಪೆನ್ ಡ್ರೈವ್ ತನ್ನಿ. ಚಹಾ ಆರುವುದರೊಳಗೆ ನಕಲು ಮುಗಿಯುತ್ತದೆ.